ಮೂರನೇ ಪಿರಿಯಡ್ಡಿನ ರೈಲು

ಮ್ಯೂಸಿಕ್ ಮಿಸ್ ತೀರಿಕೊಂಡರೆಂದು ಶಾಲೆಯ ಗೆಳೆಯ ಮಂಜ ಫೋನ್ ಮಾಡಿದಾಗ ನಾನು ಗೆಂಡೆಹಳ್ಳಿಯ ಮದುವೆಯೊಂದರಲ್ಲಿ ಅವರದೇ ಮಿಮಿಕ್ರಿ ಐಟಂ ಮಾಡಿ ಮುಗಿಸಿ ಎಲೆಯ ಮುಂದೆ ಕೂತಿದ್ದೆ. ಸುದ್ದಿ ಕೇಳಿದ ಮೇಲೂ ಊಟ ಮಾಡಿದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಇಂಥ ಬರಹಗಳಲ್ಲಿ ಸುದ್ದಿ ಬಂದ ಕೂಡಲೇ ಬರೆಯುವವನ ಕೈಯಿಂದ ಏನಾದರೂ ಕೆಳಗೆ ಬೀಳುತ್ತದೆ. ನನ್ನ ಕೈಯಲ್ಲಿದ್ದದ್ದು ಹೋಳಿಗೆ. ಬೀಳಲಿಲ್ಲ.

ನನ್ನ ಕಸುಬು ಕೊಬ್ಬರಿ ಮಂಡಿಯಲ್ಲಿ ಅಪ್ಪನ ಪಕ್ಕ ಕೂರುವುದು. ಬಿಡುವಿದ್ದಾಗ ಮಿಮಿಕ್ರಿ. ಅಪ್ಪನನ್ನು ಕೇಳಿದರೆ ಇದನ್ನು ತಿರುಗಿಸಿ ಹೇಳುತ್ತಾರೆ. ಹಗರೆ ಸ್ಟಾಪಿನಲ್ಲಿ ಕೈ ತೋರಿಸಿದವರನ್ನು ನೋಡಿಯೂ ನೋಡದಂತೆ ರೈಟ್ ಹೇಳುವ ಕಂಡಕ್ಟರು, ಒಳ್ಳೇ ಕೊಬ್ಬರಿಯನ್ನೂ ಮೂಸಿ ಮುಖ ಸಿಂಡರಿಸುವ ದಲ್ಲಾಳಿ, ಗಿರಾಕಿ ಎದ್ದು ಹೋಗಲಿ ಎಂದು ನಮ್ಮಪ್ಪ ಕೆಮ್ಮುವ ಕೆಮ್ಮು, ಇವೆಲ್ಲ ನನ್ನ ಹತ್ತಿರ ಇವೆ. ಜನ ನಗುತ್ತಾರೆ. ಆದರೆ ಎಲ್ಲಿ ಹೋದರೂ ಕೇಳಿ ಮಾಡಿಸುವುದು ಮ್ಯೂಸಿಕ್ ಮಿಸ್ಸನ್ನು. ಅದರಲ್ಲಿ ಮಾತೇ ಇಲ್ಲವೆನ್ನಬೇಕು. ಕಿಟಕಿಯ ಸರಳಿಗೆ ಎಡಗೈ ಇಡುವುದು, ಗದ್ದ ಕೊಂಚ ಮೇಲೆತ್ತಿ ಕಣ್ಣು ಮುಚ್ಚುವುದು, ಕಾಯುವುದು. ಆಮೇಲೆ ಬಲಗೈಯ ಒಂದು ಬೆರಳೆತ್ತಿ "ಹಿಡೀರಿ" ಅನ್ನುವುದು. ಅಷ್ಟೆ. ಮಿಸ್ಸನ್ನು ಕಣ್ಣಾರೆ ಕಾಣದ ಗೆಂಡೆಹಳ್ಳಿಯವರೂ ನಕ್ಕರು.

ಅವರು ಅರಸೀಕೆರೆಯಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ನಮ್ಮ ಶಾಲೆಯಲ್ಲಿ ಜನರಲ್ ಮ್ಯೂಸಿಕ್ ಹೇಳಿಕೊಡುತ್ತಿದ್ದರು. ಜನರಲ್ ಎಂದರೆ ಏನೆಂದು ಯಾರಿಗೂ ತಿಳಿಯದು. ಕ್ರಿಸ್‌ಮಸ್ಸಿಗೆ ಕ್ರಿಸ್‌ಮಸ್ ಹಾಡು, ರಾಜ್ಯೋತ್ಸವಕ್ಕೆ ನಾಡಿನ ಹಾಡು, ನಡುವೆ ಸರಿಗಮ, ಡೆಸ್ಕಿನ ಮೇಲೆ ತಾಳ. ಪರೀಕ್ಷೆ ಇಲ್ಲ, ಹೋಂವರ್ಕ್ ಇಲ್ಲ. ಒಂದು ಹಾರ್ಮೋನಿಯಂ ಇತ್ತು, ಅದರ ತಿದಿಯನ್ನು ಇಲಿ ತಿಂದಿತ್ತು. ಪ್ರತಿ ಜೂನ್ ತಿಂಗಳಲ್ಲೂ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅದನ್ನು ಹಾಸನಕ್ಕೆ ರಿಪೇರಿಗೆ ಕಳಿಸುತ್ತೇವೆ ಎನ್ನುತ್ತಿದ್ದರು. ಇಲಿಗಳಿಗೆ ಆತಂಕವೇನೂ ಇರಲಿಲ್ಲ.

ಮಿಸ್ ಕುಳ್ಳಗೆ, ತೆಳ್ಳಗೆ. ಹಣೆಯಲ್ಲಿ ಕಾಸಿನಗಲ ಕುಂಕುಮ, ಕಿವಿಯಲ್ಲಿ ಬಿಳಿಕಲ್ಲಿನ ದೊಡ್ಡ ಓಲೆ. ಮನೆ ರೈಲು ಹಳಿಯ ಆಚೆ. ಶಾಲೆಗೂ ಹಳಿಗೂ ನಡುವೆ ಒಂದು ಕಾಂಪೌಂಡ್ ಗೋಡೆ ಮಾತ್ರ. ಬೆಳಿಗ್ಗೆ ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಛತ್ರಿ ಹಿಡಿದು ಅವರು ಹಳಿ ದಾಟಿ ಬರುವುದು ನಮ್ಮ ಕ್ಲಾಸಿನ ಕಿಟಕಿಯಿಂದ ಕಾಣುತ್ತಿತ್ತು. ಛತ್ರಿಯನ್ನು ಮಳೆಗಾಗಲಿ ಬಿಸಿಲಿಗಾಗಲಿ ಬಿಚ್ಚಿದ್ದು ನಾನು ಕಂಡಿಲ್ಲ. ಅದು ತಾಳ ಹಾಕುವುದಕ್ಕಿತ್ತು.

ಹಾರ್ಮೋನಿಯಂ ಇಲ್ಲದ ಮೇಲೆ ಶ್ರುತಿ ಎಲ್ಲಿಂದ? ಮೂರನೇ ಪಿರಿಯಡ್ಡಿನಲ್ಲಿ ಒಂದು ಪ್ಯಾಸೆಂಜರ್ ಗಾಡಿ ಬರುತ್ತಿತ್ತು. ಮೀಟರ್ ಗೇಜಿನ ಚಿಕ್ಕ ಗಾಡಿ. ಅದು ಗೇಟಿನ ಹತ್ತಿರ ಉದ್ದಕ್ಕೆ ಒಂದು ಕೂಗು ಹಾಕುತ್ತಿತ್ತು. ಮಿಸ್ ಕಿಟಕಿಗೆ ಕೈಯಿಟ್ಟು, ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಗಾಡಿ ಕೂಗಿದ ಕೂಡಲೇ ಬೆರಳೆತ್ತಿ "ಹಿಡೀರಿ" ಎನ್ನುವರು. ಕ್ಲಾಸಿಗೆ ಕ್ಲಾಸೇ ತುಟಿ ಮುಚ್ಚಿ ಆ ಕೂಗನ್ನು "ಮ್" ಎಂದು ಹಿಡಿದುಕೊಳ್ಳುತ್ತಿತ್ತು. ಅದೇ ನಮ್ಮ ಷಡ್ಜ. ರೈಲು ಬರುವ ತನಕ ಹಾಡಿಲ್ಲ. ಲೇಟಾದರೆ ನಾವೂ ಲೇಟು.

ನಮ್ಮದು ಮಠದ ಒಕ್ಕಲು. ನಾನು ಹಣೆಗೆ ವಿಭೂತಿ ಹಚ್ಚಿಕೊಂಡು, ಜಗಲಿಯ ಮೇಲೆ ಕೂತು ಮೇರಿಯಮ್ಮನ ಹಾಡು ಅಭ್ಯಾಸ ಮಾಡುತ್ತಿದ್ದಾಗ ಅಜ್ಜಿ ಒಳಗಿಂದ ಬಂದು ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಯಾರನ್ನಾರ ಕರಿ, ಕಿರುಚಬೇಡ."

ಆಗಿನ ಶಾಲೆಗಳಲ್ಲಿ ಒಂದು ಪದ್ಧತಿಯಿತ್ತು. ಸ್ವರ ಸೇರದ ಮಕ್ಕಳನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ಸುಮ್ಮನೆ ತುಟಿ ಆಡಿಸಿ ಎನ್ನುತ್ತಿದ್ದರು. ನೋಡುವವರಿಗೆ ಎಲ್ಲರೂ ಹಾಡಿದಂತೆ ಕಾಣಬೇಕು. ಮಿಸ್ಸಿಗೆ ಇದು ಆಗುತ್ತಿರಲಿಲ್ಲ. ಹಾಡುವಾಗ ಬೆಂಚುಗಳ ನಡುವೆ ನಡೆಯುತ್ತಾ ಪ್ರತಿ ಡೆಸ್ಕಿನ ಅಂಚಿಗೂ ನಾಲ್ಕು ಬೆರಳು ತಾಗಿಸುತ್ತಿದ್ದರು. ತುಟಿ ಆಡಿಸುವವನ ಮುಂದೆ ಗಕ್ಕನೆ ನಿಲ್ಲುವರು.

"ನಿನ್ನ ಡೆಸ್ಕು ಸುಮ್ನಿದೆ."

ಹೇಗೆ ಗೊತ್ತಾಗುತ್ತಿತ್ತೋ. ನನ್ನ ಪಕ್ಕದವನು ಮಂಜ. ಮಾದಿಹಳ್ಳಿಯವನು, ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಅವನು ಹಾಡಿದರೆ ಎಮ್ಮೆ ಕಟ್ಟು ಬಿಚ್ಚಿಕೊಂಡು ಬಂದಂತೆ ಇರುತ್ತಿತ್ತು. ಅವನ ಡೆಸ್ಕು ಮುಟ್ಟಿದ ಮಿಸ್ "ನಿನ್ನ ಡೆಸ್ಕು ಚೆನ್ನಾಗಿ ಹಾಡುತ್ತೆ ಕಣೋ" ಅಂದರು. ಅವನು ಒಂದು ವಾರ ಎದೆಯುಬ್ಬಿಸಿ ತಿರುಗಿದ. ಡೆಸ್ಕು ನನ್ನದೂ ಆಗಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ.

ನಾನು ಆಗಲೇ ಮಿಮಿಕ್ರಿಯವನು. ಹಾಡಿನ ಒಂದು ಸಾಲನ್ನು ಸಿಸ್ಟರ್ ದನಿಯಲ್ಲಿ, ಇನ್ನೊಂದನ್ನು ಗಣಿತ ಸರ್ ದನಿಯಲ್ಲಿ ಹಾಡುತ್ತಿದ್ದೆ. ಸುತ್ತ ಕೂತವರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಮಿಸ್ ಮಾತ್ರ ನಗುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಕಲಾವಿದನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ? ಒಂದು ದಿನ ನನ್ನ ಕತ್ತನ್ನು ದಿಟ್ಟಿಸಿ ಹೇಳಿದರು: "ಬಾಯಿ ಚೆನ್ನಾಗಿ ತೆಗೀತೀಯ. ಆದ್ರೆ ಕತ್ತಿನ ನರ ಯಾಕೆ ಎದ್ದಿದೆ? ಸ್ವಂತ ದನಿಲಿ ಹಾಡೋರಿಗೆ ಅದು ಏಳಲ್ಲ." ಮನೆಗೆ ಹೋಗಿ ಕನ್ನಡಿ ನೋಡಿಕೊಂಡೆ. ನರ ಎದ್ದಿತ್ತು. ಸ್ವಂತ ದನಿ ಯಾವುದೆಂದು ಹುಡುಕಿದೆ, ಅಪ್ಪನ ಕೆಮ್ಮು ಬಂತು.

ಆರನೇ ಕ್ಲಾಸಿನಲ್ಲಿ ಹಳೇಬೀಡಿಗೆ ಟ್ರಿಪ್ ಹೋದೆವು. ಗೈಡು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದ. ಮಿಸ್ ನಮ್ಮನ್ನು ಗೋಡೆಯ ಕಡೆಗೆ ಕರೆದು, ಮದ್ದಳೆ ಬಾರಿಸುವವರ ಒಂದು ಸಾಲು ತೋರಿಸಿದರು.

"ಕೈ ನೋಡಿ. ಇವನು ಹೊಡೆದು ಆಯ್ತು. ಇವನು ಇನ್ನೂ ಹೊಡೀಬೇಕು. ಇವನು ಮರೆತಿದಾನೆ, ಪಕ್ಕದೋನ್ನ ನೋಡ್ತಾ ಇದಾನೆ. ಮಂಜ ಇವನೇ."

ಕಲ್ಲಿನಲ್ಲಿ ತಾಳ ಕಾಣುತ್ತದೆಂದು ನನಗೆ ಆವತ್ತು ಗೊತ್ತಾಯಿತು. ಅರ್ಧ ಗಂಟೆಯಲ್ಲಿ ಇನ್ನೊಂದೂ ಗೊತ್ತಾಯಿತು. ಗುಡಿಯಿಂದ ಹೊರಗೆ ಬಂದು ನಮ್ಮನ್ನು ಎಣಿಸುತ್ತಾ ಮಿಸ್ ರಸ್ತೆಗೆ ಬೆನ್ನು ಮಾಡಿ ನಿಂತಿದ್ದರು. ಬೇಲೂರಿನ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಕಂಡಕ್ಟರು ವಿಷಲ್ ಊದಿದ, ಬಸ್ಸನ್ನು ಬಡಿದ, ಕೂಗಿದ. ಮಿಸ್ ಎಣಿಸುತ್ತಲೇ ಇದ್ದರು. ಮಂಜ ಓಡಿಹೋಗಿ ಛತ್ರಿಯ ತುದಿ ಹಿಡಿದು ಎಳೆದ. ಮಿಸ್ ಮುಂದಕ್ಕೆ ಮುಗ್ಗರಿಸಿದರು. ಬಸ್ಸು ಅವರು ನಿಂತಿದ್ದ ಜಾಗದ ಮೇಲೆ ಬಂದು ನಿಂತಿತು.

ಕಂಡಕ್ಟರು ಇಳಿದು ಬಂದ. "ಏನಮ್ಮ, ಕಿವಿ ಮನೇಲಿಟ್ ಬಂದಿದೀರಾ?"

ಮಿಸ್ ಅವನ ತುಟಿಯನ್ನು ನೋಡಿ, "ತಪ್ಪಾಯ್ತಪ್ಪ," ಅಂದರು. ಆಮೇಲೆ ಸೆರಗು ಸರಿಮಾಡಿಕೊಂಡು ನಮ್ಮ ಕಡೆ ತಿರುಗಿ, "ಈ ಬಸ್ಸಿನ ಮಾತು ಸಿಸ್ಟರ್ ಹತ್ರ ಬೇಡ ಕಣ್ರೋ. ನಾನಿನ್ನೂ ಪಾಠ ಮಾಡಬೇಕು," ಎಂದರು.

ಅದರ ಅರ್ಥ ನಮಗೆ ಆಯಿತು. ಹೊಲಿಗೆ ಮಿಸ್ಸಿಗೆ ಕಣ್ಣು ಮಂಜಾಗಿ ದಾರ ಪೋಣಿಸಲಾಗದೆ ಹೋದಾಗ ಸಿಸ್ಟರ್ ಅವರನ್ನು ಆಟದ ಸಾಮಾನಿನ ಕೋಣೆಗೆ ಹಾಕಿದ್ದರು. ಗಾಳಿ ಹೋದ ಚೆಂಡುಗಳ ನಡುವೆ ಕುರ್ಚಿ ಹಾಕಿಕೊಂಡು ಅವರು ದಿನವಿಡೀ ಕೂತಿರುತ್ತಿದ್ದರು. ಮಕ್ಕಳು ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಅದೇ ಕೋಣೆಯಲ್ಲಿ ಇನ್ನೊಂದು ಕುರ್ಚಿಗೆ ಜಾಗವಿತ್ತು.

ವಾಪಸು ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಸಭೆ ನಡೆಯಿತು.

"ಮಿಸ್ಸಿಗೆ ಕಿವಿ ಕೇಳ್ಸಲ್ಲ ಕಣ್ಲಾ," ಅಂದ ಮಂಜ.

"ಅಷ್ಟಿಷ್ಟು ಕೇಳ್ಸುತ್ತೆ ಬಿಡ್ಲಾ."

"ಬಸ್ಸು ಕೇಳ್ಸಲ್ಲ ಅಂದ್ಮೇಲೆ ಅಷ್ಟಿಷ್ಟು ಏನ್ಲಾ. ಈಗ ಏನ್ ಮಾಡದು ಹೇಳು."

"ಮಿಸ್ ಹೋದ್ರೆ ಮೂರನೇ ಪಿರಿಯಡ್ಡು ಯಾರಿಗೆ?"

"ಗಣಿತ ಸರ್‌ಗೆ."

ಸಿಸ್ಟರ್‌ಗೆ ಗೊತ್ತಾಗಬಾರದೆಂದು ತೀರ್ಮಾನವಾಯಿತು. ಇದರಲ್ಲಿ ಗುರುಭಕ್ತಿ ಹುಡುಕಬೇಡಿ. ಭಿನ್ನರಾಶಿಯ ಭಯ ಅದು.

ಸಿಸ್ಟರ್‌ಗೆ ಗೊತ್ತಾಗದಿರುವುದು ಕಷ್ಟವೂ ಇರಲಿಲ್ಲ. ಅವರು ಮಂಗಳೂರಿನ ಕಡೆಯವರು. ಅವರ ದನಿ ಎಂಥದ್ದೆಂದರೆ ಅದರ ಮುಂದೆ ಇಡೀ ಶಾಲೆಯಲ್ಲಿ ಕಿವುಡರಾಗಿರಲು ಯಾರಿಗೂ ಸಾಧ್ಯವಿರಲಿಲ್ಲ. ಮಿಸ್ಸಿಗೆ ಆ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅದಕ್ಕೆ ಅವರು ಒಂದೇ ಉತ್ತರ ಇಟ್ಟುಕೊಂಡಿದ್ದರು: "ಹೌದು ಸಿಸ್ಟರ್." ಈ ಉತ್ತರದಿಂದಾಗಿ ಅವರು ಒಂದು ವರ್ಷ ಥ್ರೋಬಾಲ್ ಟೀಮಿನ ಕೋಚ್ ಆಗಬೇಕಾಯಿತು. ಸೀರೆ ಸೊಂಟಕ್ಕೆ ಸಿಕ್ಕಿಸಿ, ಛತ್ರಿ ಹಿಡಿದು, ಅಂಗಳದ ಅಂಚಿನಲ್ಲಿ ತಾಳ ಹಾಕುತ್ತಾ ನಿಲ್ಲುವರು. ಹುಡುಗಿಯರು ತಾಳಕ್ಕೆ ಸರಿಯಾಗಿ ಚೆಂಡು ಎಸೆದು ಸೋತು ಬರುತ್ತಿದ್ದರು.

ಏಳನೇ ಕ್ಲಾಸಿಗೆ ಬಂದಾಗ ರೈಲು ನಿಂತುಹೋಯಿತು. ಬ್ರಾಡ್ ಗೇಜ್ ಮಾಡುತ್ತೇವೆಂದು ಹಳೇ ಹಳಿಗಳನ್ನು ಕಿತ್ತು ರಾಶಿ ಹಾಕಿದರು. ಊರಿನವರಿಗೆ ಬಸ್ಸಿನ ನೂಕುನುಗ್ಗಲು, ನಮಗೆ ಶ್ರುತಿ ಇಲ್ಲ. ಮೊದಲ ದಿನ ಮಿಸ್ ಅಭ್ಯಾಸಬಲದಿಂದ ಕಿಟಕಿಗೆ ಕೈಯಿಟ್ಟರು. ಸ್ವಲ್ಪ ಹೊತ್ತು ನಿಂತು ಕೈ ತೆಗೆದರು. ತಾವೇ ಹಾಡು ಎತ್ತಿಕೊಂಡರು. ಅದು ಎಲ್ಲಿಗೋ ಮೇಲಕ್ಕೆ ಹೋಗಿ ನಿಂತಿತು. ಮುಂದಿನ ಬೆಂಚಿನ ಹುಡುಗಿಯರು ಕಿಸಕ್ಕೆಂದರು. ಮಿಸ್ಸಿಗೆ ಕೇಳಿಸಲಿಲ್ಲ, ಆದರೆ ಕಾಣಿಸಿತು. ಹಾಡು ನಿಲ್ಲಿಸಿ ಬೋರ್ಡಿನ ಮೇಲೆ ಸಾಹಿತ್ಯ ಬರೆದು "ಕಾಪಿ ಮಾಡ್ಕೊಳ್ಳಿ" ಅಂದರು. ಮುಂದಿನ ವಾರವೂ ಕಾಪಿ. ಅದರ ಮುಂದಿನ ವಾರ ಗಣಿತ ಸರ್ ವೆರಾಂಡದಲ್ಲಿ ನಿಂತು ಒಳಗೆ ಇಣುಕಿದರು.

"ಏನ್ ಮಿಸ್, ಬರೀ ಬರೆಸ್ತಾ ಇದೀರಾ? ಹಾಡಿಲ್ಲ ಅಂದ್ರೆ ನಾನ್ ತಗೊಳ್ಳಲಾ? ನನ್ನ ಪೋರ್ಷನ್ ಬಾಕಿ ಐತೆ."

ಮಿಸ್ ಅವರ ತುಟಿ ನೋಡಿದರು. ಇದಕ್ಕೆ ಹೌದು ಎನ್ನಲಿಲ್ಲ. "ಮುಂದಿನ ವಾರದಿಂದ ಹಾಡೇ ಸರ್," ಅಂದರು. ಅವರ ಮುಖ ಆಗ ಹೇಗಿತ್ತೆಂದು ನಾನು ಇವತ್ತಿನವರೆಗೂ ಐಟಂನಲ್ಲಿ ಹಾಕಿಲ್ಲ. ಬರುವುದಿಲ್ಲ.

ಮುಂದಿನ ವಾರ ಮೂರನೇ ಪಿರಿಯಡ್ಡಿಗೆ ನಾವು ರೈಲು ಬಿಟ್ಟೆವು. ಕೂಗು ನನ್ನದು. ಹಳೇ ಗಾಡಿ ಗೇಟಿನ ಹತ್ತಿರ ಕೂಗುತ್ತಿದ್ದ ಆ ಉದ್ದನೆಯ ಕೂಗನ್ನು, ಕೊನೆಯಲ್ಲಿ ಅದು ಸ್ವಲ್ಪ ಮುಗ್ಗರಿಸುವುದೂ ಸೇರಿದಂತೆ, ನಾನು ಎರಡು ಅಂಗೈ ಬಾಯಿಗೆ ಹಿಡಿದು ಹೊರಡಿಸುತ್ತಿದ್ದೆ. ಆದರೆ ಮಿಸ್ಸಿಗೆ ಬರೀ ಕೂಗು ಸಾಲದಲ್ಲ, ಕೈಗೆ ನಡುಕ ತಿಳಿಯಬೇಕು. ಅದು ಮಂಜನ ಖಾತೆ. ಕಿಟಕಿಯ ಕೆಳಗೇ ಕೂರುತ್ತಿದ್ದ ಅವನು, ಮಿಸ್ ಕಣ್ಣು ಮುಚ್ಚಿದ ಮೇಲೆ ತಲೆ ತಗ್ಗಿಸಿ, ಸರಳಿನ ಬುಡ ಹಿಡಿದು ಅಲ್ಲಾಡಿಸುತ್ತಿದ್ದ. ಮೊದಲನೇ ಸರಳು ಚೌಕಟ್ಟಿನಲ್ಲಿ ಸಡಿಲವಾಗಿತ್ತು, ಹುಡುಗರ ಕೈಗೆ ಆಡುತ್ತಿದ್ದುದು ಅದೊಂದೇ.

ಮಿಸ್ ಬೋರ್ಡಿನ ಮುಂದೆ ನಿಂತಿದ್ದವರು ನನ್ನ ಕಡೆ ನೋಡಿದರು. ನನ್ನ ಕೈ ಬಾಯಿಯ ಹತ್ತಿರವೇ ಇತ್ತು, ಆಕಳಿಸಿದಂತೆ ಮಾಡಿದೆ. ಮಂಜ ಆಗಲೇ ಮೊದಲನೇ ಸರಳಿಗೆ ಹಾಕಿದ್ದ ಕೈಯನ್ನು ಹಿಂದೆ ತೆಗೆದುಕೊಂಡ. ಮಿಸ್ ಕಿಟಕಿಗೆ ಬಂದು ಕೈಯಿಟ್ಟರು. ಕಣ್ಣು ಮುಚ್ಚಿದರು. ನಾನು ಕೂಗಿದೆ, ಮಂಜ ಅಲ್ಲಾಡಿಸಿದ. ಬೆರಳು ಮೇಲೆದ್ದಿತು.

"ಹಿಡೀರಿ."

ಕ್ಲಾಸು ಹಿಡಿಯಿತು. ಅಲ್ಲಿಂದ ಆ ವರ್ಷವಿಡೀ ಅರಸೀಕೆರೆಯಲ್ಲಿ ಓಡಿದ್ದು ಅದೊಂದೇ ರೈಲು. ಮಿಸ್ ತಾವು ಹಾಡುವುದನ್ನು ಬಿಟ್ಟರು. ಛತ್ರಿಯಲ್ಲಿ ತಾಳ ಹಾಕುವರು, ಡೆಸ್ಕು ಮುಟ್ಟುವರು, ಕತ್ತು ನೋಡುವರು. ನಾವು ಹಾಡುವೆವು. ಗಣಿತ ಸರ್ ವೆರಾಂಡದಲ್ಲಿ ನಿಲ್ಲುವುದನ್ನು ಬಿಟ್ಟರು.

"ರೈಲು ಮತ್ತೆ ಬಿಟ್ಟವ್ರೆ ಅಂತ ನಂಬ್ಕಂಡವ್ರೆ ಕಣ್ಲಾ ಪಾಪ," ಅಂದ ಮಂಜ.

ನಾನೂ ಪಾಪ ಎಂದೆ. ಓದುತ್ತಿರುವ ನಿಮಗೆ ಇಷ್ಟು ಹೊತ್ತಿಗೆ ಏನೋ ಹೊಳೆದಿರಬಹುದು. ಇಡೀ ಕ್ಲಾಸಿನಲ್ಲಿ ಯಾರಿಗೂ ಹೊಳೆಯಲಿಲ್ಲ. ರ‍್ಯಾಂಕ್ ಬರುತ್ತಿದ್ದವರೂ ಇದ್ದರು.

ಒಂದು ದಿನ ಸಿಸ್ಟರ್ ವೆರಾಂಡದಲ್ಲಿ ಹೋಗುತ್ತಿದ್ದಾಗಲೇ ಗಾಡಿ ಬಂತು. ಅವರು ನಿಂತರು. ಹಳಿ ಇಲ್ಲದ ಊರಿನಲ್ಲಿ ರೈಲು ಕೂಗಿದರೆ ಯಾರಾದರೂ ನಿಲ್ಲುತ್ತಾರೆ. ಬಾಗಿಲಿನಿಂದ ಅವರಿಗೆ ಕಂಡದ್ದು ಕಣ್ಣು ಮುಚ್ಚಿ ನಿಂತ ಮಿಸ್ ಮತ್ತು ಬಾಯಿಗೆ ಕೈ ಹಿಡಿದ ನಾನು. ಪಿರಿಯಡ್ ಮುಗಿದ ಮೇಲೆ ನನ್ನನ್ನು ಆಫೀಸಿಗೆ ಕರೆಸಿದರು.

"ಎಂತ ಅದು ಶಬ್ದ?"

"ರೈಲು ಸಿಸ್ಟರ್."

"ರೈಲು ಅಂತ ನನಗೂ ಗೊತ್ತುಂಟು. ಟೀಚರ್ ಎದುರಿಗೇ ನಿಂತಿದ್ರಲ್ಲ. ನಿನಗೆ ಒಂದು ಮಾತು ಬಯ್ಯಲಿಲ್ಲ. ಅವರಿಗೆ ಕೇಳಿಸಲಿಲ್ಲವಾ?"

ಆಟದ ಸಾಮಾನಿನ ಕೋಣೆಯ ಬಾಗಿಲು ಆಫೀಸಿನ ಎದುರಿಗೇ ಇತ್ತು.

"ಮಿಸ್ಸೇ ಮಾಡು ಅಂದಿದ್ದು ಸಿಸ್ಟರ್. ಶ್ರುತಿಗೆ."

ಸಿಸ್ಟರ್ ಮಿಸ್ಸನ್ನು ಕರೆಸಿದರು. "ಈ ಹುಡುಗನಿಗೆ ಕ್ಲಾಸಿನಲ್ಲಿ ರೈಲು ಬಿಡಲಿಕ್ಕೆ ನೀವು ಹೇಳಿದ್ದಾ?"

ಮಿಸ್ ಸಿಸ್ಟರನ್ನು ನೋಡಿದರು. ನನ್ನನ್ನು ನೋಡಿದರು.

"ಹೌದು ಸಿಸ್ಟರ್."

ಸಿಸ್ಟರ್‌ಗೆ ಹಾರ್ಮೋನಿಯಂ ನೆನಪಾಗಿರಬೇಕು. "ಆಯ್ತು. ಹಾಗಾದ್ರೆ ಸಣ್ಣಕ್ಕೆ ಬಿಡು. ಪಕ್ಕದ ಕ್ಲಾಸಿಗೆ ತೊಂದರೆ ಆಗ್ತದೆ."

ಹೊರಗೆ ಬಂದಾಗ ಮಿಸ್ ನನ್ನ ಕತ್ತು ನೋಡಿ, "ರಾತ್ರಿ ಮಲಗೋವಾಗ ಉಪ್ಪುನೀರು ಮುಕ್ಕಳಿಸು," ಅಂದು ಹೋದರು. ಮಂಜನಿಗೆ ಎಲ್ಲ ವರದಿ ಮಾಡಿದೆ. "ಅವ್ರು ಎಲ್ಲದ್ಕೂ ಹೌದು ಸಿಸ್ಟರ್ ಅಂತಾರಲ್ಲ, ಬಚಾವಾದೆ ಬಿಡು," ಅಂದ. ನನಗೂ ಹಾಗೇ ಅನ್ನಿಸಿತು.

ಕೊನೆಗೂ ಬ್ರಾಡ್ ಗೇಜಿನ ದೊಡ್ಡ ಗಾಡಿ ಬಂತು. ಅದರ ಕೂಗು ಹಳೆಯದಕ್ಕಿಂತ ಎಷ್ಟೋ ಮೇಲೆ. ಹಿಡಿಯಲು ಹೋಗಿ ಇಡೀ ಕ್ಲಾಸಿನ ಕತ್ತಿನ ನರ ಎದ್ದಿತು. ಮಿಸ್ ಒಂದು ಸಾಲು ನೋಡಿದರು, ಅಂಗೈ ಕೆಳಗೆ ಮಾಡಿ ನಿಲ್ಲಿಸಿದರು. "ಇದು ಬೇಡ. ಹಳೇದೇ ಇರ್ಲಿ." ಕ್ಲಾಸು ನನ್ನ ಸಹಾಯವಿಲ್ಲದೆ ಹಳೇ ಕೂಗನ್ನು ತಾನೇ ಹಿಡಿದುಕೊಂಡಿತು. ನನ್ನ ರೈಲ್ವೆ ನೌಕರಿ ಹಾಗೆ ಮುಗಿಯಿತು. ಬೀಳ್ಕೊಡುಗೆ ಏನೂ ಇರಲಿಲ್ಲ.

ಮಿಸ್ಸಿಗೆ ಇತ್ತು. ನಾವು ಶಾಲೆ ಬಿಟ್ಟು ಎಷ್ಟೋ ವರ್ಷಗಳ ಮೇಲೆ, ಪಾಠ ಮಾಡುತ್ತಲೇ ಅವರು ನಿವೃತ್ತರಾದರು. ಆಟದ ಸಾಮಾನಿನ ಕೋಣೆಗೆ ಒಂದು ದಿನವೂ ಹೋಗಲಿಲ್ಲ. ನಮ್ಮ ನಂತರದ ಮಕ್ಕಳೂ ಏನೇನು ಮಾಡಿದ್ದರೋ ಕೇಳಬೇಕು. ಕ್ಲಾಸುಗಳ ನಡುವಿನ ಮರದ ತಡಿಕೆ ಸರಿಸಿ ನಮ್ಮ ಹಳೇ ಕ್ಲಾಸನ್ನೇ ಹಾಲ್ ಮಾಡಿದ್ದರು. ವರ್ಗವಾಗಿ ಹೋಗಿದ್ದ ಸಿಸ್ಟರ್ ಅದಕ್ಕೆಂದೇ ಬಂದಿದ್ದರು. ಮೈಕು ಬೇಡವೆಂದು ಭಾಷಣ ಮಾಡಿದರು.

"ಇಷ್ಟು ಸೂಕ್ಷ್ಮ ಕಿವಿಯ ಟೀಚರನ್ನು ನಾನು ಬೇರೆ ಎಲ್ಲಿಯೂ ಕಂಡದ್ದಿಲ್ಲ."

ಹಳೇ ವಿದ್ಯಾರ್ಥಿಗಳೆಲ್ಲ ಏಕಕಾಲಕ್ಕೆ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಮಂಜನಿಗೆ ಕೆಮ್ಮು ಬಂತು. ಮಿಸ್ ಹಾರದ ಹಿಂದಿನಿಂದ, "ಹೌದು ಸಿಸ್ಟರ್," ಅಂದರು.

ಆಮೇಲೆ ಯಾರೋ ನನ್ನನ್ನು ನೂಕಿದರು. "ಮಿಸ್ ಐಟಂ ಮಾಡು ಕಣ್ಲಾ." ಮಿಸ್ ಎದುರಿಗೇ ಮಾಡಿದ್ದಿಲ್ಲ. ಅದೇ ಕಿಟಕಿ ಸಿಕ್ಕಿದ್ದರಿಂದ ಹೋಗಿ ಸರಳಿಗೆ ಕೈಯಿಟ್ಟೆ. ಗದ್ದ, ಕಣ್ಣು, ಬೆರಳು. "ಹಿಡೀರಿ" ಅಂದೆ. ಹಾಲ್ ಬಿದ್ದು ಬಿದ್ದು ನಕ್ಕಿತು. ಮಿಸ್ ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಬೆರಳಾಡಿಸಿ ಹತ್ತಿರ ಕರೆದರು.

"ಚೆನ್ನಾಗಿ ಮಾಡ್ದೆ. ಕೈ ಇಟ್ಟ ಜಾಗ ಮಾತ್ರ ನಂದಲ್ಲ."

"ಮೊದಲನೇ ಸರಳಿಗೇ ಇಡ್ತಿದ್ರಲ್ಲ ಮಿಸ್. ನಾನು ಪ್ರತಿ ವಾರ ನೋಡ್ತಿದ್ದೆ."

ಅವರು ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ. "ನಾನು ಇಡ್ತಿದ್ದಿದ್ದು ಎರಡನೇದಕ್ಕೆ ಕಣೋ. ರೈಲು ಬಂದ್ರೆ ಅದು ನಡುಗುತ್ತೆ. ಮೊದಲನೇದು ಸಡಿಲ, ಗಾಳಿಗೂ ಆಡುತ್ತೆ."

"ಮತ್ತೆ ಆ ವರ್ಷ?"

"ಆ ವರ್ಷ ಹಳಿ ಎಲ್ಲಿತ್ತೋ? ರಾಶಿ ಹಾಕಿದ್ದ ಹಳಿ ಸುತ್ತಿ ಬರೋಷ್ಟ್ರಲ್ಲಿ ನನಗೆ ಸಾಕಾಗ್ತಿತ್ತು." ಅವರು ಹಾರದಿಂದ ಒಂದು ಎಸಳು ಕಿತ್ತು ಬೆರಳಲ್ಲಿ ಹೊಸಕಿದರು. "ಮಂಜ ಅಲ್ಲಾಡಿಸ್ತಿದ್ದುದು ಮೊದಲನೇದನ್ನ. ಹಾಗಾಗಿ ಅದಕ್ಕೇ ಇಡ್ತಿದ್ದೆ."

ಫೋಟೋದವನು ಕರೆದ, ಹೋದರು.

ಗೆಂಡೆಹಳ್ಳಿಯಲ್ಲಿ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಮದುವೆ ಮನೆಯ ಮಕ್ಕಳು ಸುತ್ತಿಕೊಂಡವು. "ಅಣ್ಣಾ, ಆ ಕಿಟಕಿ ಮಿಸ್ಸಿಂದು ಇನ್ನೊಂದ್ಸಲ." ಛತ್ರದ ಕಿಟಕಿಯ ಹತ್ತಿರ ಹೋದೆ. ಮೊದಲನೇ ಸರಳು ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಎರಡನೇದಕ್ಕೆ ಕೈಯಿಟ್ಟು ಕಣ್ಣು ಮುಚ್ಚಿದೆ. ಗೆಂಡೆಹಳ್ಳಿಗೆ ರೈಲಿಲ್ಲ. ಮಕ್ಕಳು ಬೆರಳು ಏಳುವುದನ್ನೇ ಕಾಯುತ್ತಿದ್ದವು. ಸ್ವಲ್ಪ ಹೊತ್ತು ಕಾಯಿಸಿದೆ.